ಆಕ್ಯುರೇಟ್ ಅಂದರೆ ಎಷ್ಟು ಸರಿ?

‘ಆಕ್ಯುರೇಟ್‌ಗೂ ಪ್ರಿಸೈಸ್‌ಗೂ ಏನು ವ್ಯತ್ಯಾಸ? ನಿಘಂಟು ತೆಗೆದರೆ ಎರಡಕ್ಕೂ ನಿಖರ ಅಂತಲೇ ಇದೆ.’ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹಾವೇರಿ, ರಾಣೆಬೆನ್ನೂರಿನ ಪಿಯು ಮಕ್ಕಳಿದ್ದಾರೆ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರಿದ್ದಾರೆ, ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳೂ ಇದ್ದಾರೆ. ಆದರೆ ಈ ಬಾರಿ ಪ್ರಶ್ನೆಯನ್ನು ಸರಿಯಾಗಿ ಕೇಳಿದವನು ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ. ಹೊರದೇಶದ ಖರೀದಿದಾರರು ಕಳಿಸಿದ ಪತ್ರವೊಂದರಲ್ಲಿ ಬಣ್ಣದ ಪರೀಕ್ಷೆಯ ವರದಿ ಆಕ್ಯುರೇಟೂ ಆಗಿರಬೇಕು, ಪ್ರಿಸೈಸೂ ಆಗಿರಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದಿತ್ತಂತೆ. ‘ಎರಡೂ ಒಂದಽ ಆದ್ರ ಎರಡ್ ಸಲ ಯಾಕ್ ಬರೀತಾರ್ರಿ ಸರ?’ ಅಂದ.

ಯಾರೂ ಸುಮ್ಮನೆ ಎರಡು ಸಲ ಬರೆಯುವುದಿಲ್ಲ, ಅದರಲ್ಲೂ ದುಡ್ಡು ಕೊಡುವವರು. ಆ ಪತ್ರ ಎರಡು ಬೇರೆ ಬೇರೆ ಗುಣಗಳನ್ನು ಕೇಳುತ್ತಿತ್ತು. ಆ ಎರಡರ ನಡುವಿನ ಅಂತರವನ್ನು ತಿಳಿಯಲು ನಿಘಂಟಿಗಿಂತ ಅವನು ಕೂತಿರುವ ಪ್ರಾಂಗಣವೇ ಒಳ್ಳೆಯ ಜಾಗ.

ಬ್ಯಾಡಗಿಯ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ಜನವರಿ ದಾಟಿದ ಮೇಲೆ ಆ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚೀಲದ ಸಾಲುಗಳ ನಡುವೆ ಹಮಾಲರು ದಾರಿ ಮಾಡಿಕೊಂಡು ಓಡಾಡುತ್ತಿರುತ್ತಾರೆ, ಘಾಟಿಗೆ ಹೊಸಬರು ಸೀನುತ್ತಿರುತ್ತಾರೆ. ಅಂಥ ಕಡೆ ಎರಡು ಎಲೆಕ್ಟ್ರಾನಿಕ್ ಕಾಟಾಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳೋಣ. ಎರಡರ ಮೇಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 50 ಕೆಜಿ ತೂಕದ ಕಲ್ಲನ್ನು ನಾಲ್ಕು ನಾಲ್ಕು ಸಲ ಇಡೋಣ. ಮೊದಲನೆಯದು ನಾಲ್ಕೂ ಸಲ 49.60 ತೋರಿಸಿತು. ಎರಡನೆಯದು 49.80, 50.30, 49.90, 50.00 ಎಂದು ಆಚೀಚೆ ಆಡಿತು.

ಮೊದಲನೆಯ ಕಾಟಾ ಪ್ರಿಸೈಸ್. ಎಷ್ಟು ಸಲ ಕೇಳಿದರೂ ಒಂದೇ ಉತ್ತರ. ಆದರೆ ಆ ಉತ್ತರ ತಪ್ಪು. ಅದು ಆಕ್ಯುರೇಟ್ ಅಲ್ಲ. ಎರಡನೆಯದರ ಸರಾಸರಿ ಸರಿಯಾಗಿ 50. ಸತ್ಯದ ಸುತ್ತಲೇ ಅದು ಸುತ್ತುತ್ತಿದೆ, ಆದರೆ ಒಂದೊಂದು ಸಲ ಒಂದೊಂದು ಮಾತು. ಅದಕ್ಕೆ ಪ್ರಿಸಿಷನ್ ಇಲ್ಲ. ಒಟ್ಟಿನಲ್ಲಿ, ಆಕ್ಯುರೇಟ್ ಅನ್ನುವುದು ಸತ್ಯಕ್ಕೆ ಎಷ್ಟು ಹತ್ತಿರ ಎಂಬುದರ ಮಾತು. ಪ್ರಿಸೈಸ್ ಅನ್ನುವುದು ಮಾಡಿದ್ದನ್ನೇ ಮತ್ತೆ ಮಾಡಿದರೆ ಫಲಿತಾಂಶಗಳು ಒಂದಕ್ಕೊಂದು ಎಷ್ಟು ಹತ್ತಿರ ಬರುತ್ತವೆ, ಎಷ್ಟು ಸೂಕ್ಷ್ಮವಾಗಿ ಹೇಳುತ್ತವೆ ಎಂಬುದರ ಮಾತು.

ಈಗ ಇದನ್ನು ರೈತನ ಲೆಕ್ಕಕ್ಕೆ ಹಾಕಿ ನೋಡಿ. ಕ್ವಿಂಟಲ್‌ಗೆ 20,000 ರೂಪಾಯಿ ಅಂತ ಇಟ್ಟುಕೊಳ್ಳಿ, ಕೆಜಿಗೆ 200. ಒಬ್ಬ ರೈತ ತಲಾ 50 ಕೆಜಿ ತೂಗುವ 100 ಚೀಲ ತಂದಿದ್ದಾನೆ. ಮೊದಲನೆಯ ಕಾಟಾದಲ್ಲಿ ಚೀಲಕ್ಕೆ 400 ಗ್ರಾಂನಂತೆ 40 ಕೆಜಿ ಹೋಯಿತು. 8,000 ರೂಪಾಯಿ ಸದ್ದಿಲ್ಲದೆ ಕೈಬಿಟ್ಟಿತು. ಎರಡನೆಯದರಲ್ಲಿ ಒಂದು ಚೀಲಕ್ಕೆ 200 ಗ್ರಾಂ ಹೋದರೆ ಇನ್ನೊಂದಕ್ಕೆ 300 ಗ್ರಾಂ ಬಂದು, ನೂರು ಚೀಲ ಮುಗಿಯುವಷ್ಟರಲ್ಲಿ ಹೋಗಿದ್ದು ಬಂದಿದ್ದು ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಕಾಟಾದ ಮುಂದೆ ನಿಂತ ರೈತನಿಗೆ ಅನುಮಾನ ಬರುವುದು ಯಾವುದರ ಮೇಲೆ? ಅಲುಗಾಡುವ ಎರಡನೆಯದರ ಮೇಲೆ. ಒಂದೇ ಅಂಕಿಯನ್ನು ಗಟ್ಟಿಯಾಗಿ ಹೇಳುವ ಮೊದಲನೆಯದನ್ನು ನಾವೆಲ್ಲ ನಂಬುತ್ತೇವೆ. ಈ ಎರಡು ಪದಗಳನ್ನು ಬೇರೆ ಮಾಡಿ ತಿಳಿಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಒಂದೇ ಸಮನೆ ಹೇಳಿದ ಸುಳ್ಳು ನಿಖರವಾಗಿ ಕಾಣುತ್ತದೆ. (ರಿಪೇರಿ ಮಾಡುವವರಿಗೆ ಮಾತ್ರ ಮೊದಲನೆಯ ಕಾಟಾವೇ ಸುಲಭ. ತಪ್ಪು ಯಾವಾಗಲೂ 400 ಗ್ರಾಂ ಎಂದು ಗೊತ್ತಾದ ಮೇಲೆ ಅದನ್ನು ತಿದ್ದಿಬಿಡಬಹುದು. ಅಲುಗಾಡುವ ಯಂತ್ರದಲ್ಲಿ ಯಾವ ತಪ್ಪನ್ನು ಅಂತ ತಿದ್ದುವುದು?)

ಸತ್ಯಕ್ಕೆ ಹತ್ತಿರ ಅಂದೆ. ಯಾವ ಸತ್ಯ? 50 ಕೆಜಿ ಅಂದರೆ ಇಷ್ಟೇ ಎಂದು ಹೇಳಿದವರು ಯಾರು? ಆಕ್ಯುರೇಟ್ ಎಂಬ ಪದ ಎಲ್ಲೇ ಬಂದರೂ ಕೇಳಬೇಕಾದ ಪ್ರಶ್ನೆ ಇದು: ಯಾವುದಕ್ಕೆ ಹೋಲಿಸಿ? ತೂಕದ ವಿಷಯದಲ್ಲಿ ಇದಕ್ಕೆ ಚೆಂದದ ಉತ್ತರ ಇದೆ. ಕಾಟಾ ಪರೀಕ್ಷಿಸುವ ಅಧಿಕಾರಿಯ ಕಲ್ಲನ್ನು ಇಲಾಖೆಯ ಮೇಲಿನ ದರ್ಜೆಯ ಕಲ್ಲಿನ ಜೊತೆ ತೂಗಿ ನೋಡಿರುತ್ತಾರೆ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿರುವ ಪ್ರಾದೇಶಿಕ ಮಾನಕ ಪ್ರಯೋಗಾಲಯ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿರುವ ಪ್ಲಾಟಿನಂ-ಇರಿಡಿಯಂ ಸಿಲಿಂಡರಿನ ನಂಬರು 57; ಪ್ಯಾರಿಸ್ ಬಳಿಯ ಸೆವ್ರದಲ್ಲಿ 1889ರಿಂದ ಇರುವ ಮೂಲ ಕಿಲೋಗ್ರಾಂನ ಪ್ರತಿ ಅದು. 2019ರ ಮೇ 20ರಿಂದ ಆ ಲೋಹದ ತುಂಡಿನ ಅಧಿಕಾರವೂ ಹೋಗಿ, ಪ್ಲಾಂಕ್ ಸ್ಥಿರಾಂಕದ ಮೇಲೆ ಕಿಲೋಗ್ರಾಂ ನಿಂತಿದೆ. ಬ್ಯಾಡಗಿಯ ಕಾಟಾದಿಂದ ಅಲ್ಲಿಯವರೆಗೆ ಕೊಂಡಿಗೆ ಕೊಂಡಿ ಕೂಡಿದರೆ ಮಾತ್ರ ಆ ಕಾಟಾ ಆಕ್ಯುರೇಟ್ ಅನ್ನುವ ಮಾತಿಗೆ ಅರ್ಥ. ನಡುವೆ ಒಂದು ಕೊಂಡಿ ಕಳಚಿದರೂ ಉಳಿಯುವುದು ಬರೀ ಅಂಕಿ.

ಕಾಟಾದ ಮೈಮೇಲೆ ಒಂದು ಸಣ್ಣ ಲೋಹದ ತಗಡು ಇರುತ್ತದೆ. ಧೂಳು ಒರೆಸಿ ಓದಿ. ಅದರಲ್ಲಿ ರೋಮನ್ ಅಂಕಿಯಲ್ಲಿ ದರ್ಜೆ ಬರೆದಿರುತ್ತದೆ. ಮಾರುಕಟ್ಟೆಯ ಕಾಟಾ ಸಾಮಾನ್ಯವಾಗಿ ಮೂರನೆಯ ದರ್ಜೆಯದು. ಬಂಗಾರ ತೂಗುವುದು ಎರಡನೆಯದು. ಪಕ್ಕದಲ್ಲಿ ಇಂಗ್ಲಿಷಿನ ‘ಇ’ ಅಕ್ಷರ, ಅದರ ಮುಂದೆ 50 ಗ್ರಾಂ ಎಂದೋ 20 ಗ್ರಾಂ ಎಂದೋ ಇರುತ್ತದೆ. ಆ ಕಾಟಾ ನಂಬಿಕೆಯಿಂದ ಹೇಳಬಲ್ಲ ಸಣ್ಣ ಹೆಜ್ಜೆ ಅದು. ಮೂರನೆಯ ದರ್ಜೆಯ, 50 ಗ್ರಾಂ ಹೆಜ್ಜೆಯ ಕಾಟಾಕ್ಕೆ ಮುದ್ರೆ ಹಾಕುವಾಗ 50 ಕೆಜಿ ತೂಕದಲ್ಲಿ 50 ಗ್ರಾಂ ಆಚೀಚೆ ಆದರೆ ಕಾನೂನು ಒಪ್ಪುತ್ತದೆ. ಮೇಲೆ ಹೇಳಿದ ಮೊದಲನೆಯ ಕಾಟಾದ ತಪ್ಪು ಅದರ ಎಂಟು ಪಟ್ಟು. ಹಾಗಾಗಿ ಆಕ್ಯುರೇಟ್ ಅಂದರೆ ತಪ್ಪೇ ಇಲ್ಲ ಎಂದಲ್ಲ. ಒಪ್ಪಿಕೊಂಡ ಮಿತಿಯೊಳಗೆ ತಪ್ಪು ಇದೆ ಎಂದು. ಇಂಗ್ಲಿಷಿನವರು ಇಂಥ ಯಂತ್ರವನ್ನು ಹೊಗಳುವಾಗಲೂ ‘ಇಷ್ಟರೊಳಗೆ ಆಕ್ಯುರೇಟ್’ ಎಂದು ಮಿತಿ ಸೇರಿಸಿಯೇ ಹೇಳುತ್ತಾರೆ. ಮಿತಿ ಹೇಳದೆ ‘100% ಆಕ್ಯುರೇಟ್’ ಎಂದು ಬೋರ್ಡು ಹಾಕಿದ್ದನ್ನು ಕಂಡರೆ ನನಗೆ ಆ ಅಂಗಡಿಯೊಳಗೆ ಹೋಗುವ ಮನಸ್ಸಾಗುವುದಿಲ್ಲ.

ವಿದ್ಯಾರ್ಥಿಗಳಿಗೆ ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಶಾಲೆಯ ಪುಸ್ತಕಗಳಲ್ಲಿ ಆಕ್ಯುರಸಿ ಅಂದರೆ ಸತ್ಯಕ್ಕೆ ಹತ್ತಿರ ಇರುವುದು, ಅಷ್ಟೇ. ಆದರೆ ಪ್ರಯೋಗಾಲಯಗಳು ಅನುಸರಿಸುವ ಐಎಸ್‌ಒ 5725 ಎಂಬ ಮಾನಕ 1994ರಲ್ಲೇ ಈ ಪದವನ್ನು ಇನ್ನಷ್ಟು ಅಗಲ ಮಾಡಿತು. ಅದರ ಪ್ರಕಾರ ಸತ್ಯಕ್ಕೆ ಹತ್ತಿರ ಇರುವುದಕ್ಕೆ ಟ್ರೂನೆಸ್ ಎಂದು ಹೆಸರು. ಟ್ರೂನೆಸ್ ಮತ್ತು ಪ್ರಿಸಿಷನ್ ಎರಡೂ ಕೂಡಿದರೆ ಮಾತ್ರ ಆಕ್ಯುರಸಿ. ಈ ಎರಡೂ ಅರ್ಥಗಳು ಚಾಲ್ತಿಯಲ್ಲಿವೆ. ಪರೀಕ್ಷೆಯಲ್ಲಿ ಪುಸ್ತಕದ್ದನ್ನು ಬರೆಯಿರಿ, ಲ್ಯಾಬಿಗೆ ಕೆಲಸಕ್ಕೆ ಸೇರಿದ ಮೇಲೆ ಅವರದನ್ನು ಕೇಳಿಕೊಳ್ಳಿ.

ಇನ್ನು ಆಡುವ ಇಂಗ್ಲಿಷಿಗೆ ಬರೋಣ. ನಮ್ಮ ಕಡೆಯವರು ಈ ಪದವನ್ನು ಬಳಸುವಾಗ ಎಡವುವುದು ಒಂದೇ ಜಾಗದಲ್ಲಿ. ‘ಆಕ್ಯುರೇಟ್ ಹತ್ತು ಗಂಟೆಗೆ ಬಂದ’, ‘ಆಕ್ಯುರೇಟ್ ಐದು ಕೆಜಿ ಕೊಡಿ’ ಅನ್ನುತ್ತೇವೆ. ಕನ್ನಡದ ನಡುವೆ ಅದು ನಡೆದೀತು. ಆದರೆ ಇಂಗ್ಲಿಷ್ ವಾಕ್ಯ ಬರೆಯುವಾಗ ಸಮಯದ ಮುಂದೆ, ಸಂಖ್ಯೆಯ ಮುಂದೆ ಆಕ್ಯುರೇಟ್ ಕೂರುವುದಿಲ್ಲ. ಅಲ್ಲಿ ಎಕ್ಸಾಕ್ಟ್‌ಲಿ ಬೇಕು. ಹತ್ತು ಗಂಟೆ ಆಕ್ಯುರೇಟ್ ಆಗಲಾರದು, ಹತ್ತು ಗಂಟೆ ತೋರಿಸುವ ಗಡಿಯಾರ ಆಗಬಹುದು. ಮಾಹಿತಿ, ವರದಿ, ಅನುವಾದ, ನಕ್ಷೆ, ತಕ್ಕಡಿ, ಸಾಕ್ಷಿಯ ಹೇಳಿಕೆ ಇವೆಲ್ಲ ಆಕ್ಯುರೇಟ್ ಆಗಬಲ್ಲವು, ಏಕೆಂದರೆ ಇವು ಇನ್ನೊಂದರ ಬಗ್ಗೆ ಹೇಳುತ್ತವೆ. ಹೇಳಿದ್ದು ಸರಿಯೋ ತಪ್ಪೋ ಎಂದು ತಾಳೆ ನೋಡಬಹುದು. ಸೂಚನೆ, ವ್ಯಾಖ್ಯೆ, ಮಾತು ಇವು ಪ್ರಿಸೈಸ್ ಆಗುತ್ತವೆ: ‘ಸ್ವಲ್ಪ ನೀರು ಹಾಯಿಸಿ’ ಎನ್ನುವ ಬದಲು ‘ವಾರಕ್ಕೊಮ್ಮೆ, ಬೆಳಿಗ್ಗೆ’ ಎಂದರೆ ಅದು ಪ್ರಿಸೈಸ್ ಸೂಚನೆ, ಅದು ಬೆಳೆಗೆ ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು. ಚಿಲ್ಲರೆ, ತಾರೀಖು, ಮೊತ್ತ, ನಕಲು ಪ್ರತಿ ಇವಕ್ಕೆ ಎಕ್ಸಾಕ್ಟ್. ಬಸ್ಸಿನಲ್ಲಿ ಕಂಡಕ್ಟರ್ ಕೇಳುವುದು ಎಕ್ಸಾಕ್ಟ್ ಚೇಂಜ್. ಉಚ್ಚಾರದಲ್ಲೂ ಒಂದು ಸಣ್ಣ ತಿದ್ದುಪಡಿ ಇದೆ. ನಾವು ಕಾಗುಣಿತ ನೋಡಿ ‘ರೇಟ್’ ಎಂದು ಎಳೆಯುತ್ತೇವೆ. ಇಂಗ್ಲಿಷಿನವರ ಬಾಯಲ್ಲಿ ಒತ್ತು ಮೊದಲ ಅಕ್ಷರಕ್ಕೆ ಬಿದ್ದು, ಕೊನೆಯದು ‘ರಟ್’ ಎಂದು ಸಣ್ಣಗೆ ಮುಗಿಯುತ್ತದೆ. ಕನ್ನಡದಲ್ಲಿ ಬರೆಯುವಾಗ ರೇಟ್ ಎಂದೇ ರೂಢಿಯಾಗಿದೆ, ನಾನೂ ಹಾಗೇ ಬರೆಯುತ್ತಿದ್ದೇನೆ. ಪದದ ಬೇರು ಲ್ಯಾಟಿನ್. ಕಾಳಜಿ ಎಂಬ ಅರ್ಥದ ‘ಕ್ಯೂರಾ’ ಅದರೊಳಗಿದೆ. ಕಾಳಜಿಯಿಂದ ಮಾಡಿದ್ದು ಎಂಬುದು ಮೊದಲ ಅರ್ಥ.

ಕಾಳಜಿಯಿಂದ ಮಾಡಿದ್ದು ಎಂದಾಗ ನನಗೆ ನೆನಪಾಗುವುದು ರಾಣೆಬೆನ್ನೂರಿನ ಸುತ್ತಿನ ಬೀಜೋತ್ಪಾದನೆಯ ಹೊಲಗಳು. ಹತ್ತಿಯ ಹೈಬ್ರಿಡ್ ಬೀಜ ಯಂತ್ರದಿಂದ ಆಗುವುದಲ್ಲ. ಮಧ್ಯಾಹ್ನ ಇಳಿದ ಮೇಲೆ ಹೆಣ್ಣುಮಕ್ಕಳು ಸಾಲು ಹಿಡಿದು, ನಾಳೆ ಅರಳಲಿರುವ ಮೊಗ್ಗನ್ನಷ್ಟೇ ಆರಿಸಿ, ಹೆಬ್ಬೆರಳ ಉಗುರಿನಿಂದ ಎಸಳಿನ ಸಮೇತ ಗಂಡು ಕೇಸರವನ್ನು ಸೀಳಿ ತೆಗೆಯುತ್ತಾರೆ; ಒಳಗಿನ ಶಲಾಕೆಗೆ ಗಾಯ ಆಗಕೂಡದು. ಮೊಗ್ಗಿಗೆ ಕಾಗದದ ಟೋಪಿ ಹಾಕಿ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಪರಾಗ ಮುಟ್ಟಿಸುತ್ತಾರೆ. ಒಂದು ಕೇಸರ ಉಳಿದುಹೋದರೆ ಆ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ, ಚೀಲದಲ್ಲಿ ತಳಿ ಕಲಬೆರಕೆ ಆಗುತ್ತದೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟ ವರಲಕ್ಷ್ಮಿ, ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ತಳಿ, ಹೊಲಕ್ಕೆ ಇಳಿದದ್ದು ಇಂಥ ಬೆರಳುಗಳಿಂದ. ಬೀಜದ ಚೀಲದ ಮೇಲೆ ತಳಿ ಶುದ್ಧತೆಯ ಶೇಕಡಾವಾರು ಅಂಕಿ ಓದುವಾಗ ಅದು ಒಂದು ಸಂಜೆ ಯಾರದೋ ಉಗುರಿನ ಎಚ್ಚರದ ಅಂಕಿ ಎಂಬುದು ನೆನಪಿರಲಿ.

ಬೀಜದ ಚೀಲದ ಚೀಟಿಯ ಮೇಲಿನ ಇನ್ನೊಂದು ಅಂಕಿ ಮೊಳಕೆಯದು. ಮೆಣಸಿನಕಾಯಿ ಬೀಜಕ್ಕೆ ಪ್ರಮಾಣೀಕರಣದ ಕನಿಷ್ಠ ಮಿತಿ ಶೇ 60. ಈ ಅಂಕಿಯನ್ನು ಲ್ಯಾಬಿನಲ್ಲಿ ಹೇಗೆ ಹಿಡಿಯುತ್ತಾರೆ ಎಂಬುದನ್ನು ನೋಡಿದರೆ ನಮ್ಮ ಎರಡು ಪದಗಳೂ ಒಂದೇ ತಟ್ಟೆಯಲ್ಲಿ ಸಿಗುತ್ತವೆ. 400 ಬೀಜ ಎಣಿಸಿ, ನೂರರಂತೆ ನಾಲ್ಕು ಪಾಲು ಮಾಡಿ, ಒದ್ದೆ ಕಾಗದದ ಮೇಲೆ ಇಡುತ್ತಾರೆ. ಏಳನೆಯ ದಿನ ಮೊದಲ ಎಣಿಕೆ, ಹದಿನಾಲ್ಕನೆಯ ದಿನ ಕೊನೆಯದು. ನಾಲ್ಕು ಪಾಲಿನಲ್ಲಿ 62, 60, 63, 59 ಬಂದರೆ ಸರಾಸರಿ 61, ಬೀಜ ಪಾಸು. 78, 45, 70, 51 ಬಂದರೂ ಸರಾಸರಿ 61. ಆದರೆ ಇದನ್ನು ಒಪ್ಪುವುದಿಲ್ಲ. ಪಾಲುಗಳ ನಡುವೆ ಇಷ್ಟರ ಮೇಲೆ ಅಂತರ ಇರಬಾರದು ಎಂಬ ಪಟ್ಟಿಯೇ ಇದೆ. ಮೀರಿದರೆ ಪರೀಕ್ಷೆ ಮತ್ತೆ ಮೊದಲಿನಿಂದ. ಪ್ರಿಸಿಷನ್ ಇಲ್ಲದ ಕಡೆ ಸರಾಸರಿಯನ್ನು ನಂಬಬೇಡಿ ಎಂದು ಆ ನಿಯಮ ಹೇಳುತ್ತದೆ, ಮತ್ತು ಅದು ಸರಿ. ಇನ್ನೊಂದು ವಿಷಯ: 1966ರ ಬೀಜ ಕಾಯ್ದೆಯಲ್ಲಿ ಲೇಬಲ್ ಕಡ್ಡಾಯ, ಪ್ರಮಾಣೀಕರಣ ಐಚ್ಛಿಕ. ಖಾಸಗಿ ಕಂಪನಿಗಳ ಬಹುತೇಕ ಬೀಜ ಬರುವುದು ಹಸಿರು ಬಣ್ಣದ ‘ಟ್ರೂತ್‌ಫುಲ್’ ಚೀಟಿಯಲ್ಲಿ. ಅಲ್ಲಿ ಅಂಕಿಗೆ ಹೊಣೆ ಕಂಪನಿಯೇ. ಅದಕ್ಕೇ ಚೀಟಿಯನ್ನೂ ರಸೀದಿಯನ್ನೂ ಬೆಳೆ ಕೈಗೆ ಬರುವ ತನಕ ಎತ್ತಿಡಿ ಎಂದು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುವ ಪ್ರತಿ ರೈತನಿಗೂ ನಾನು ಹೇಳುವುದು.

ಈಗ ಆ ಹುಡುಗನ ಪತ್ರಕ್ಕೆ ಬರುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರ ಬೆಲೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಅದರ ಕೆಂಪನ್ನು ತೈಲರಾಳ ಮಾಡಿ ಆಹಾರಕ್ಕೂ ಸೌಂದರ್ಯ ಸಾಮಗ್ರಿಗೂ ಬಳಸುತ್ತಾರೆ. ಪ್ರಾಂಗಣದಲ್ಲಿ ಹಳಬ ಖರೀದಿದಾರರು ಒಂದು ಹಿಡಿ ಕಾಯಿ ತೆಗೆದು ಅಂಗೈಯಲ್ಲಿ ಅಮುಕುತ್ತಾರೆ. ಗರಗರ ಸದ್ದು ಬಂದರೆ ಒಣಗಿದೆ. ಚರ್ಮದಂತೆ ಬಾಗಿದರೆ ಹಸಿ ಉಳಿದಿದೆ. ಆಮೇಲೆ ಒಂದು ಕಾಯಿ ಸೀಳಿ ಒಳಗಿನ ಬಣ್ಣ ನೋಡುತ್ತಾರೆ, ಮೂಸುತ್ತಾರೆ, ಟೆಂಡರ್ ಬೆಲೆ ಮನಸ್ಸಿನಲ್ಲಿ ಕೂರುತ್ತದೆ. ಈ ಕೈಗಳಿಗೆ ನಾನು ತಲೆಬಾಗುತ್ತೇನೆ. ಬಹಳ ಸಲ ಅವು ಆಕ್ಯುರೇಟ್. ಆದರೆ ಆ ಕೈ ಬೆಳಿಗ್ಗೆ ಹೇಳಿದ್ದನ್ನೇ ಸಂಜೆ ಹೇಳುತ್ತದೆಂಬ ಭರವಸೆ ಇಲ್ಲ, ಒಬ್ಬರ ಕೈ ಇನ್ನೊಬ್ಬರ ಕೈಯಂತಲ್ಲ. ಸಮುದ್ರದಾಚೆಗೆ ಆ ಸ್ಪರ್ಶವನ್ನು ಕಳಿಸಲೂ ಬರುವುದಿಲ್ಲ.

ಹಾಗಾಗಿ ಅಂಕಿ ಬೇಕಾಯಿತು. ಅಮೆರಿಕದ ಮಸಾಲೆ ವ್ಯಾಪಾರ ಸಂಘ, ಅಂದರೆ ಆಸ್ಟಾ, ರೂಪಿಸಿದ ವಿಧಾನದಲ್ಲಿ ಮೆಣಸಿನಪುಡಿಯನ್ನು ಒಂದು ಗ್ರಾಂನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲದಂತೆ ತೂಗಿ, 100 ಮಿಲಿಲೀಟರ್ ಅಸಿಟೋನಿನಲ್ಲಿ ನೆನೆಸಿ, 16 ಗಂಟೆ ಕತ್ತಲಲ್ಲಿ ಇಡುತ್ತಾರೆ. ಕೆಂಪು ಬಿಟ್ಟುಕೊಂಡ ದ್ರಾವಣಕ್ಕೆ 460 ನ್ಯಾನೋಮೀಟರಿನ ಬೆಳಕು ಹಾಯಿಸಿ, ಎಷ್ಟು ಬೆಳಕನ್ನು ಅದು ಹೀರಿತು ಎಂದು ನೋಡಿ, 16.4 ಎಂಬ ಗುಣಕದಿಂದ ಲೆಕ್ಕ ಕಟ್ಟುತ್ತಾರೆ. ಒಳ್ಳೆಯ ಬ್ಯಾಡಗಿಗೆ ಬರುವ ಅಂಕಿ 150ರ ಆಸುಪಾಸು. ಒಂದೇ ಪುಡಿಯನ್ನು ಅದೇ ಲ್ಯಾಬು ಮೂರು ಸಲ ಪರೀಕ್ಷಿಸಿ 150, 151, 150 ಎಂದರೆ ಅದು ಪ್ರಿಸೈಸ್ ವರದಿ. ಆದರೆ ಯಂತ್ರವನ್ನು ಮಾನಕದ ಜೊತೆ ತಾಳೆ ನೋಡಿ ಹೊಂದಿಸಿರದಿದ್ದರೆ ನಿಜವಾದ ಅಂಕಿ 138 ಇರಬಹುದು. ಇದಕ್ಕಿಂತ ದೊಡ್ಡ ಅಪಾಯ ಲ್ಯಾಬಿನ ಹೊರಗಿದೆ. ನೂರು ಚೀಲದ ಲಾಟಿನಿಂದ ಸ್ಯಾಂಪಲ್ ತೆಗೆದವರು ಮೇಲಿನ ಚೀಲದ ಹೊಳೆಯುವ ಕಾಯಿಗಳನ್ನಷ್ಟೇ ತೆಗೆದಿದ್ದರೆ, ಅಷ್ಟು ಸೂಕ್ಷ್ಮ ಯಂತ್ರ ಹೇಳುವುದು ಆ ಒಂದು ಹಿಡಿಯ ಸತ್ಯ, ಲಾಟಿನ ಸತ್ಯವಲ್ಲ. ಖರೀದಿದಾರರು ಎರಡು ಪದ ಬರೆದದ್ದು ಇದಕ್ಕೆ. ಮತ್ತೆ ಪರೀಕ್ಷಿಸಿದರೂ ಅದೇ ಬರಬೇಕು, ಬಂದದ್ದು ನಿಜವೂ ಆಗಿರಬೇಕು. ಹುಡುಗನಿಗೆ ಇಷ್ಟು ಹೇಳಿದಾಗ ಅವನು ಮೊದಲು ಕೇಳಿದ್ದು ಸ್ಯಾಂಪಲ್ ತೆಗೆಯುವವರು ಯಾರು ಎಂದು. ಅವನಿಗೆ ಪದ ದಕ್ಕಿತು ಅಂದುಕೊಂಡೆ.

ಬಣ್ಣದಂತೆ ಖಾರಕ್ಕೂ ಈಗ ಯಂತ್ರದ ಅಳತೆ ಇದೆ, ಒಂದು ಕಾಲಕ್ಕೆ ಹೀಗಿರಲಿಲ್ಲ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯ ರಸವನ್ನು ಸಕ್ಕರೆ ನೀರಿನಲ್ಲಿ ತೆಳ್ಳಗೆ ಮಾಡುತ್ತಾ ಹೋಗಿ, ರುಚಿ ನೋಡುವವರ ನಾಲಗೆಗೆ ಖಾರ ಹತ್ತದ ಹಂತವನ್ನು ಗುರುತಿಸುವ ವಿಧಾನ ಕಂಡುಹಿಡಿದರು. ನಾಲಗೆ ಮನುಷ್ಯನಿಂದ ಮನುಷ್ಯನಿಗೆ ಬೇರೆ. ಈಗ ಯಂತ್ರ ಕ್ಯಾಪ್ಸೈಸಿನ್ ಪ್ರಮಾಣವನ್ನೇ ಅಳೆಯುತ್ತದೆ, ಘಟಕಕ್ಕೆ ಮಾತ್ರ ಸ್ಕೋವಿಲ್ ಹೆಸರು ಉಳಿದಿದೆ.

ಪಾಯಿಂಟಿನ ಮುಂದಿನ ಅಂಕಿಗೆ ನಾವು ಕೊಡುವ ಗೌರವದ ಬಗ್ಗೆ ನನಗೆ ತಕರಾರಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಪಂಚಾಯಿತಿ ಕಟ್ಟಡದ ಬಳಿ 42.5 ಮಿ.ಮೀ. ಬಿದ್ದಾಗ ಐದು ಕಿಲೋಮೀಟರ್ ಆಚೆಯ ಹೊಲ ಧೂಳಿನಲ್ಲಿ ನಿಂತಿರಬಹುದು. ನಮ್ಮ ಬಯಲುಸೀಮೆಯ ಮಳೆ ಹೊಲದ ಒಂದು ಬದು ನೆನೆಸಿ ಇನ್ನೊಂದನ್ನು ಬಿಡುತ್ತದೆ. ಆ ಅಂಕಿ ಮಾಪಕ ನಿಂತ ಜಾಗಕ್ಕೆ ಆಕ್ಯುರೇಟ್. ಹವಾಮಾನ ಆಧಾರಿತ ವಿಮೆಯಲ್ಲಿ ಅದನ್ನೇ ಎಲ್ಲರ ಹೊಲಕ್ಕೂ ಹಚ್ಚಿದಾಗ ಅಂಕಿ ತಪ್ಪಲ್ಲ, ಹಚ್ಚಿದ್ದು ತಪ್ಪಾಗಬಹುದು. ಇಳುವರಿಯ ಅಂದಾಜಿಗೆ ಮಾಡುವ ಬೆಳೆ ಕಟಾವು ಪ್ರಯೋಗವೂ ಹೀಗೆ. ಪ್ರಮುಖ ಬೆಳೆಗೆ ಪಂಚಾಯಿತಿಗೆ ನಾಲ್ಕು ಕಡೆ, ಸಾಮಾನ್ಯವಾಗಿ ಐದು ಮೀಟರ್ ಉದ್ದ ಐದು ಮೀಟರ್ ಅಗಲದ ತುಂಡು ಹೊಲ ಕೊಯ್ದು ತೂಗುತ್ತಾರೆ. 25 ಚದರ ಮೀಟರಿನ ತೂಕ ಹೆಕ್ಟೇರಿಗೆ ಬರಬೇಕಾದರೆ 400ರಿಂದ ಗುಣಿಸಬೇಕು. ತುಂಡಿನಲ್ಲಿ ಆದ 100 ಗ್ರಾಂ ತಪ್ಪು ಹೆಕ್ಟೇರಿಗೆ 40 ಕೆಜಿ. ಮೆಕ್ಕೆಜೋಳ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಕೊಯ್ಲಿನ ದಿನ ಆ ತುಂಡಿನ ಬಳಿ ರೈತರು ನಿಂತಿರಬೇಕು. ಹಗ್ಗ ಎಳೆದದ್ದು ಸರಿಯೇ, ತೂಗಿದ್ದು ಸರಿಯೇ ಎಂದು ನೋಡಿ ಸಹಿ ಹಾಕಬೇಕು.

ಬೆಲೆಯ ಸುದ್ದಿ ಬರೆಯುವ ನಮ್ಮವರಿಗೂ ಒಂದು ಮಾತು. ಎಪಿಎಂಸಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಕೊಡುತ್ತದೆ. ತಲೆಬರಹಕ್ಕೆ ಏರುವುದು ಗರಿಷ್ಠ. ಅದು ಸುಳ್ಳಲ್ಲ, ಯಾವುದೋ ಒಂದು ಡಬ್ಬಿ ಲಾಟಿಗೆ ಆ ಬೆಲೆ ಬಂದೇ ಇರುತ್ತದೆ. ಆದರೆ ಅದನ್ನು ಓದಿ ಲಾರಿ ಹತ್ತಿದ ರೈತನಿಗೆ ಸಿಗುವುದು ಹೆಚ್ಚು ಲಾಟುಗಳು ಹೋದ ದರ, ಅಂದರೆ ಮಾದರಿ ದರ. ಬೆಲೆಯ ನಿರೀಕ್ಷೆ ಮುರಿದರೆ ಏನಾಗುತ್ತದೆ ಎಂಬುದನ್ನು ಬ್ಯಾಡಗಿ 2024ರ ಮಾರ್ಚ್ 11ರಂದು ಕಂಡಿದೆ. ಬೆಲೆ ಕುಸಿಯಿತೆಂದು ಸಿಟ್ಟಿಗೆದ್ದ ಗುಂಪು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿತು. ಸುದ್ದಿಯಲ್ಲಿ ಮಾದರಿ ದರವನ್ನು ಮೊದಲು ಬರೆಯಬೇಕು ಎಂದು ನನ್ನ ಒತ್ತಾಯ.

ಕನ್ನಡದಲ್ಲಿ ಈ ಅರ್ಥಕ್ಕೆ ಪದಗಳಿಗೆ ಬರ ಇಲ್ಲ. ನಿಖರ, ಖಚಿತ, ಕರಾರುವಾಕ್ಕು, ನಮ್ಮ ಕಡೆಯ ಬರೋಬ್ಬರಿ. ನಾಲ್ಕನ್ನೂ ಒಂದರ ಜಾಗದಲ್ಲಿ ಇನ್ನೊಂದಾಗಿ ಬಳಸಿ ಸವೆಸುತ್ತಿದ್ದೇವೆ, ಅದು ನನಗೆ ಬೇಸರದ ವಿಷಯ. ಮರಾಠಿಯ ಬರೋಬರ್‌ನಿಂದ ಬಂದ ಬರೋಬ್ಬರಿ ಹಾವೇರಿಯ ಅಂಗಡಿಯಲ್ಲಿ ಇಂದಿಗೂ ‘ತೂಕ ಬರೊಬ್ಬರಿ ಐತಿ’ ಎಂದು ತನ್ನ ಕೆಲಸ ಮಾಡುತ್ತಿದೆ. ಟಿವಿಯಲ್ಲಿ ಅದೇ ಪದ ‘ಬರೋಬ್ಬರಿ 10 ಕೋಟಿ’ ಎಂದು ಬೆರಗಿನ ಪದವಾಗಿದೆ. ಅಷ್ಟೊಂದು ಎಂಬುದಷ್ಟೇ ಅಲ್ಲಿ ಅದರ ಅರ್ಥ. ಸರಿ ತೂಗುವ ಪದ ಕೈಯಿಂದ ಜಾರಿದರೆ ಮತ್ತೆ ಆಕ್ಯುರೇಟ್ ಅನ್ನೇ ಕರೆಯಬೇಕಾಗುತ್ತದೆ. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ವರ್ಷಗಟ್ಟಲೆ ಓದುಗರ ಒಂದೊಂದು ಪದಕ್ಕೂ ಉತ್ತರಿಸುತ್ತಾ ಬಂದದ್ದು ಈ ಜಾರುವಿಕೆಯನ್ನು ತಡೆಯಲಿಕ್ಕೆ ಎಂದು ನಾನು ತಿಳಿದಿದ್ದೇನೆ. ನನ್ನ ಸಲಹೆ ಇಷ್ಟು: ಸತ್ಯದ ಜೊತೆ ತಾಳೆ ಆಗುವುದಕ್ಕೆ ನಿಖರ ಎನ್ನೋಣ, ಮತ್ತೆ ಮತ್ತೆ ಮಾಡಿದರೂ ಒಂದೇ ಬರುವುದಕ್ಕೆ, ಸಂದಿಲ್ಲದ ಮಾತಿಗೆ ಕರಾರುವಾಕ್ಕು ಎನ್ನೋಣ, ಸಂಖ್ಯೆಗೂ ಗಡಿಯಾರದ ಹೊತ್ತಿಗೂ ಸರಿಯಾಗಿ ಎಂಬ ನಮ್ಮ ಹಳೆಯ ಪದ ಸಾಕು.

ಎಲ್ಲ ಮಾತಿಗೂ ಈ ಅಳತೆ ಹಚ್ಚಬೇಕಿಲ್ಲ. ದಸರೆಯಲ್ಲಿ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಪ್ಪ ಬಿಲ್ಲು ಏರಿ ನುಡಿಯುವ ಕಾರ್ಣಿಕ, ಅಂದರೆ ಭವಿಷ್ಯವಾಣಿ, ಒಂದೇ ಮಾತು. ಕೇಳಿದವರು ಮಳೆಗೂ ಬೆಳೆಗೂ ರಾಜಕೀಯಕ್ಕೂ ಅದನ್ನು ಹೊಂದಿಸಿಕೊಂಡು ವರ್ಷವಿಡೀ ಮಾತಾಡುತ್ತಾರೆ. ಹತ್ತು ಅರ್ಥಕ್ಕೆ ತೆರೆದುಕೊಳ್ಳುವುದೇ ಅದರ ಬಲ. ಕಾಟಾಕ್ಕೆ, ಬೀಜದ ಚೀಟಿಗೆ, ಲ್ಯಾಬಿನ ವರದಿಗೆ ಆ ಸ್ವಾತಂತ್ರ್ಯ ಕೊಡಬಾರದು.

ಸುಗ್ಗಿಯಲ್ಲಿ ಕಾಯಿ ತೂಗಿಸಲು ಹೋಗುವವರು ಮೂರು ಕೆಲಸ ಮಾಡಿ. ಚೀಲ ಇಡುವ ಮೊದಲು ಕಾಟಾದಲ್ಲಿ ಸೊನ್ನೆ ಇದೆಯೇ ನೋಡಿ. ತಗಡನ್ನೂ ಮುದ್ರೆಯ ಚೀಟಿಯನ್ನೂ ಓದಿ. ಅನುಮಾನ ಬಂದರೆ ಮುದ್ರೆಯ ಕಲ್ಲು ಇಟ್ಟು ತೋರಿಸಿ ಎಂದು ಕೇಳಿ, ಒಪ್ಪದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಬರೆದುಕೊಡಿ. ಕೇಳುವುದು ನಿಮ್ಮ ಹಕ್ಕು. ಎಲೆಕ್ಟ್ರಾನಿಕ್ ಕಾಟಾದ ಮುದ್ರೆ 12 ತಿಂಗಳಿಗೆ ಮಾತ್ರ. ಅದಕ್ಕಿಂತ ಹಿಂದಿನದು ಇದ್ದರೆ ಅದು ನಡೆಯುವುದಿಲ್ಲ.